ನಮ್ಮ ಕಾಯಿಲೆಯ ಕಡತ ಈಗ ಯಾರ ಕೈಯಲ್ಲಿದೆ?

2024ರ ಕೊನೆಯಿಂದ 2025ರ ಆರಂಭದವರೆಗೆ, ಜರ್ಮನಿಯಲ್ಲಿ ಶಾಸನಬದ್ಧ ಆರೋಗ್ಯ ವಿಮೆಯಲ್ಲಿರುವ ನಮ್ಮೆಲ್ಲರ ಮನೆಗೂ ಅವರವರ ಕ್ರಾಂಕೆನ್‌ಕಾಸ್ಸೆಯಿಂದ ಒಂದು ಪತ್ರ ಬಂದಿತ್ತು. ನಮ್ಮವರಲ್ಲಿ ಎಷ್ಟು ಮಂದಿ ಅದನ್ನು ಜಾಹೀರಾತೆಂದು ತಿಳಿದು ನೇರವಾಗಿ ಕಾಗದದ ನೀಲಿ ಡಬ್ಬಿಗೆ ಹಾಕಿದರೋ ದೇವರೇ ಬಲ್ಲ. ಆ ಪತ್ರದ ಸಾರಾಂಶ ಇಷ್ಟೇ: ನಿಮ್ಮ ಹೆಸರಿನಲ್ಲಿ ಒಂದು ಎಲೆಕ್ಟ್ರಾನಿಕ್ ರೋಗಿ ಕಡತವನ್ನು ತೆರೆಯುತ್ತೇವೆ, ಬೇಡವೆಂದರೆ ಆರು ವಾರದೊಳಗೆ ತಿಳಿಸಿ. ತಿಳಿಸದಿದ್ದರೆ? ಮೌನಂ ಸಮ್ಮತಿ ಲಕ್ಷಣಂ.

ಈ ಕಡತಕ್ಕೆ ಜರ್ಮನ್ನರು ಎಲೆಕ್ಟ್ರೋನಿಷೆ ಪಾಟ್ಸಿಯೆಂಟೆನ್‌ಆಕ್ಟೆ ಎನ್ನುತ್ತಾರೆ. ನಾಲಿಗೆ ಹೊರಳದವರು ಇ-ಪಿ-ಎ ಎಂದರೆ ಸಾಕು. 2023ರ ಡಿಸೆಂಬರ್ 14ರಂದು ಬುಂಡೆಸ್ಟಾಗ್ ಒಪ್ಪಿದ ಡಿಜಿಟಲ್ ಕಾನೂನಿನ ಪ್ರಕಾರ, 2025ರ ಜನವರಿ 15ರಿಂದ ಸುಮಾರು ಏಳು ಕೋಟಿ ಜನರ ಕಡತಗಳು ತೆರೆದುಕೊಂಡವು. ಮೊದಲ ಪ್ರಯೋಗ ನಡೆದದ್ದು ಹ್ಯಾಂಬರ್ಗ್, ಫ್ರಾಂಕೆನ್ ಹಾಗೂ ನಾರ್ಡ್‌ರೈನ್-ವೆಸ್ಟ್‌ಫಾಲೆನ್‌ನ ಕೆಲವು ಭಾಗಗಳಲ್ಲಿ. ಏಪ್ರಿಲ್ 29ರಿಂದ ಇಡೀ ದೇಶಕ್ಕೆ ಬಂತು. ಅಕ್ಟೋಬರ್ 1ರಿಂದ ವೈದ್ಯರು ಮತ್ತು ಆಸ್ಪತ್ರೆಗಳು ಇದನ್ನು ತುಂಬುವುದು ಕಡ್ಡಾಯವಾಯಿತು. ಅಂದರೆ ಬೇಡವೆಂದು ಬರೆದುಕೊಡದ ನಮ್ಮೆಲ್ಲರಿಗೂ ಈಗ ಒಂದು ಕಡತ ಇದೆ, ನಾವು ಅದನ್ನು ಒಮ್ಮೆಯೂ ನೋಡದಿದ್ದರೂ ಸಹ.

ನೋಡಿದವರೂ ಬಹಳ ಕಡಿಮೆ. 2025ರ ಜುಲೈನಲ್ಲಿ ಪತ್ರಿಕೆಗಳಲ್ಲಿ ಬಂದ ಲೆಕ್ಕದಂತೆ, ಟೆಕ್ನಿಕರ್ ಕಾಸ್ಸೆ ತೆರೆದಿದ್ದ ಸುಮಾರು 1 ಕೋಟಿ 10 ಲಕ್ಷ ಕಡತಗಳಲ್ಲಿ ಸಕ್ರಿಯವಾಗಿ ಬಳಸುತ್ತಿದ್ದವರು ಏಳೂವರೆ ಲಕ್ಷ ಮಂದಿ. ಆ-ಓ-ಕಾ ಗುಂಪಿನಲ್ಲಿ ಸುಮಾರು 2 ಕೋಟಿ 60 ಲಕ್ಷ ಕಡತಗಳಿಗೆ ಎರಡು ಲಕ್ಷ ಚಿಲ್ಲರೆ. ಇದನ್ನು ಓದಿದಾಗ ನನಗೆ ನಮ್ಮ ಕರ್ನಾಟಕದ 'ಭೂಮಿ' ಯೋಜನೆ ನೆನಪಾಯಿತು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಪಹಣಿಗಳು ಶಾನುಭೋಗರ ಕಾಲದ ಕೈಬರಹದ ಪುಸ್ತಕಗಳಿಂದ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು. ಪುಸ್ತಕದಲ್ಲಿ ಏನಿತ್ತೋ ಅದೇ ಕಂಪ್ಯೂಟರಿನಲ್ಲೂ ಬರುತ್ತದೆ, ತಪ್ಪು ಇದ್ದರೆ ತಪ್ಪೂ ಅಚ್ಚಾಗಿ ಬರುತ್ತದೆ. ತನ್ನ ಹೆಸರು, ಸರ್ವೆ ನಂಬರು, ಎಕರೆ-ಗುಂಟೆ ಸರಿಯಾಗಿದೆಯೇ ಎಂದು ಪಹಣಿ ತೆಗೆಸಿ ನೋಡಿಕೊಳ್ಳುವ ಕೆಲಸ ರೈತನದೇ. ಇಲ್ಲಿಯೂ ಹಾಗೆಯೇ.

ಈ ವಿಚಾರ ಹುಟ್ಟಿದ್ದು ಹೇಗೆ

ಇದು ನಿನ್ನೆ ಮೊನ್ನೆಯ ಯೋಜನೆಯಲ್ಲ. 2001ರ ಆಗಸ್ಟ್‌ನಲ್ಲಿ ಬಾಯರ್ ಕಂಪನಿ ತನ್ನ ಲಿಪೊಬೈ ಎಂಬ ಕೊಲೆಸ್ಟರಾಲ್ ಮಾತ್ರೆಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡಿತು. ಅದರಿಂದ, ವಿಶೇಷವಾಗಿ ಇನ್ನೊಂದು ಕೊಬ್ಬು ತಗ್ಗಿಸುವ ಔಷಧದ ಜೊತೆಗೆ ತೆಗೆದುಕೊಂಡಾಗ, ಸ್ನಾಯುಗಳು ಕರಗಿಹೋಗಿ ಜನ ಸತ್ತಿದ್ದರು. ಒಬ್ಬ ರೋಗಿ ಬೇರೆ ಬೇರೆ ವೈದ್ಯರಿಂದ ಏನೇನು ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ ಎಂಬುದು ಯಾರಿಗೂ ಒಟ್ಟಾಗಿ ಕಾಣುವುದಿಲ್ಲವಲ್ಲ ಎಂಬ ಚರ್ಚೆ ಆಗ ಶುರುವಾಯಿತು. 2006ರ ಹೊತ್ತಿಗೆ ಚಿಪ್ ಇರುವ ಆರೋಗ್ಯ ಕಾರ್ಡು ಬರಬೇಕೆಂದು ಕಾನೂನು ಆಯಿತು. ಆ ಕಾರ್ಡು ನಿಜವಾಗಿ ಹಂಚಿಕೆಯಾಗತೊಡಗಿದ್ದು 2011ರಲ್ಲಿ. 2021ರಲ್ಲಿ ಬಂದ ಮೊದಲ ಇ-ಪಿ-ಎಯನ್ನು ಬೇಕೆಂದವರು ಕೇಳಿ ಪಡೆಯಬೇಕಿತ್ತು. ಕೇಳಿದವರು ನೂರಕ್ಕೆ ಒಬ್ಬರು. ಆದ್ದರಿಂದಲೇ ಈಗ 'ಬೇಡವೆಂದವರು ಹೇಳಲಿ' ಎಂದು ಲೆಕ್ಕವನ್ನು ತಿರುಗಿಸಿದ್ದಾರೆ. ಜರ್ಮನ್ನರ ಸಮಯಪಾಲನೆಯ ಬಗ್ಗೆ ಊರಿನಲ್ಲಿ ಭಾಷಣ ಮಾಡುವವರು ಈ ಕಥೆಯನ್ನೂ ಒಂದು ಸಾಲು ಸೇರಿಸಿಕೊಳ್ಳಬಹುದು.

ಒಳಗೆ ಏನಿರುತ್ತದೆ

ರಕ್ತ ಪರೀಕ್ಷೆಯ ಫಲಿತಾಂಶ, ಎಕ್ಸ್‌ರೇ ಮತ್ತು ಸ್ಕ್ಯಾನಿನ ವರದಿ, ಒಬ್ಬ ವೈದ್ಯರು ಇನ್ನೊಬ್ಬರಿಗೆ ಬರೆದ ಪತ್ರ, ಆಸ್ಪತ್ರೆಯಿಂದ ಬಿಡುಗಡೆಯಾದಾಗಿನ ಪತ್ರ, ಇವನ್ನು ವೈದ್ಯರು ಹಾಕಬೇಕು. ಔಷಧಗಳ ಪಟ್ಟಿ ತಾನಾಗಿಯೇ ಬರುತ್ತದೆ. 2024ರ ಜನವರಿಯಿಂದ ವೈದ್ಯರ ಚೀಟಿ ಎಲೆಕ್ಟ್ರಾನಿಕ್ ಆಗಿರುವುದರಿಂದ, ಬರೆದುಕೊಟ್ಟ ಮತ್ತು ಔಷಧಾಲಯದಲ್ಲಿ ನಾವು ಪಡೆದ ಮಾತ್ರೆಗಳೆಲ್ಲ ಆ ಪಟ್ಟಿಯಲ್ಲಿ ದಾಖಲಾಗುತ್ತವೆ. ಮೂರನೆಯದಾಗಿ ಕ್ರಾಂಕೆನ್‌ಕಾಸ್ಸೆ ತನ್ನ ಬಳಿ ಇರುವ ಬಿಲ್ಲಿನ ವಿವರಗಳನ್ನು ಹಾಕುತ್ತದೆ. ನಾವೂ ಸ್ವತಃ ಕಾಗದಗಳನ್ನು ಸೇರಿಸಬಹುದು.

ಈ ಬಿಲ್ಲಿನ ವಿವರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನನ್ನ ಮಟ್ಟಿಗೆ ಇದೇ ಮುಖ್ಯ. ಇಲ್ಲಿ ವೈದ್ಯರು ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುವಾಗ ಪ್ರತಿ ರೋಗಿಗೂ ಕಾಯಿಲೆಯ ಸಂಕೇತವನ್ನು ಬರೆಯಬೇಕು. ಅಕ್ಷರ ಮತ್ತು ಅಂಕಿಗಳ ಆ ಸಂಕೇತದ ಕೊನೆಗೆ ಇನ್ನೊಂದು ಅಕ್ಷರ ಇರುತ್ತದೆ: ಜಿ ಎಂದರೆ ಕಾಯಿಲೆ ಖಚಿತ, ವಿ ಎಂದರೆ ಬರೀ ಅನುಮಾನ, ಎ ಎಂದರೆ ಇಲ್ಲವೆಂದು ತಿಳಿದುಬಂದದ್ದು, ಝಡ್ ಎಂದರೆ ಹಿಂದೆ ಇದ್ದದ್ದು. ಕೆಲಸದ ಒತ್ತಡದಿಂದ ನಿದ್ರೆ ಬರುತ್ತಿಲ್ಲವೆಂದು ಹೇಳಿ ಒಂದು ವಾರದ ರಜೆಯ ಚೀಟಿ ಪಡೆದುಕೊಂಡು ಬರುತ್ತೇವೆ. ನಮಗೆ ಅದು ಅಲ್ಲಿಗೆ ಮುಗಿದ ಕಥೆ. ಲೆಕ್ಕದಲ್ಲಿ ಮಾತ್ರ 'ಖಿನ್ನತೆ, ಖಚಿತ' ಎಂದು ಕೂತಿರಬಹುದು. 'ಬೆನ್ನು ಹಿಡಿದುಕೊಂಡಿದೆ' ಎಂದದ್ದು ಬೆನ್ನೆಲುಬಿನ ದೀರ್ಘ ಕಾಯಿಲೆಯಾಗಿ ಕೂತಿರಬಹುದು. ಇದು ಯಾರದೋ ದುರುದ್ದೇಶ ಎನ್ನುವಂತಿಲ್ಲ. ತುಂಬಿದ ಕ್ಲಿನಿಕ್ಕಿನಲ್ಲಿ ಪಟ್ಟಿಯಿಂದ ಹತ್ತಿರದ ಸಂಕೇತವೊಂದನ್ನು ಆರಿಸುವಾಗ ಆಗುವಂಥದು.

ಅದರಿಂದ ನಮಗೇನು ನಷ್ಟ ಎಂದು ಕೇಳಬಹುದು. ನಮ್ಮವರಲ್ಲಿ ಮನೆ ಸಾಲ ತೆಗೆದವರು, ಒಬ್ಬರೇ ದುಡಿಯುವ ಕುಟುಂಬದವರು ಬಹಳ ಮಂದಿ ಇದ್ದೀರಿ. ಕೆಲಸ ಮಾಡಲಾರದ ಸ್ಥಿತಿ ಬಂದರೆ ಸಂಸಾರ ನಡೆಯಲೆಂದು ಬೆರೂಫ್ಸ್‌ಉನ್‌ಫೇಯಿಗ್‌ಕೈಟ್ ವಿಮೆಗೆ ಅರ್ಜಿ ಹಾಕುತ್ತೀರಿ. ಆ ಅರ್ಜಿಯಲ್ಲಿ ಸಾಮಾನ್ಯವಾಗಿ ಹಿಂದಿನ ಐದು ವರ್ಷಗಳ ಚಿಕಿತ್ಸೆ, ಆಸ್ಪತ್ರೆಗೆ ಸೇರಿದ್ದರೆ ಹತ್ತು ವರ್ಷದ್ದು ಕೇಳುತ್ತಾರೆ. ನಮಗೇ ಗೊತ್ತಿಲ್ಲದ ಕಾಯಿಲೆಯನ್ನು ನಾವು ಬರೆಯುವುದಾದರೂ ಹೇಗೆ? ಮುಂದೆ ನಿಜವಾಗಿಯೂ ವಿಮೆಯ ಹಣ ಬೇಕಾದ ದಿನ ಕಂಪನಿ ಹಳೆಯ ವೈದ್ಯರನ್ನು ವಿಚಾರಿಸುತ್ತದೆ. ಆಗ 'ಇದನ್ನು ನೀವು ಮುಚ್ಚಿಟ್ಟಿದ್ದೀರಿ' ಎಂಬ ತಕರಾರು ಬರಬಹುದು. ವಿಮಾ ಕಂಪನಿಯಾಗಲಿ ಉದ್ಯೋಗದಾತರಾಗಲಿ ನಮ್ಮ ಇ-ಪಿ-ಎಯನ್ನು ತೋರಿಸಿ ಎಂದು ಕೇಳುವಂತಿಲ್ಲ, ಅದನ್ನು ಕಾನೂನು ನಿಷೇಧಿಸಿದೆ. ಆದರೆ ಆ ಸಂಕೇತಗಳು ವೈದ್ಯರ ಬಳಿ ಮತ್ತು ಕಾಸ್ಸೆಯ ಬಳಿ ಇ-ಪಿ-ಎ ಬರುವ ಮೊದಲೂ ಇದ್ದವು, ಈಗಲೂ ಇವೆ. ಹೊಸದೇನೆಂದರೆ ಈಗ ನಾವೂ ಮನೆಯಲ್ಲಿ ಕುಳಿತು ಅವನ್ನು ನೋಡಬಹುದು. ಅರ್ಜಿಗೆ ಸಹಿ ಹಾಕುವ ಮೊದಲು ನೋಡಿ. ತಪ್ಪಿದ್ದರೆ ಆ ವೈದ್ಯರ ಬಳಿ ಹೋಗಿ ತಪ್ಪೆಂದು ಬರಹದಲ್ಲಿ ಪಡೆದು ಕಾಸ್ಸೆಗೆ ಕೊಟ್ಟರೆ ತಿದ್ದಿಸಬಹುದು. ಬಿಲ್ಲುಗಳು ಕೆಲವು ತಿಂಗಳು ತಡವಾಗಿ ಬರುವುದರಿಂದ ವರ್ಷಕ್ಕೊಮ್ಮೆಯಾದರೂ ಕಣ್ಣಾಡಿಸುವುದು ಒಳ್ಳೆಯದು. ಇ-ಪಿ-ಎ ಬೇಡವೆಂದವರೂ ಕಾಸ್ಸೆಗೆ ಬರೆದು ತಮ್ಮ ಚಿಕಿತ್ಸೆಗಳ ಪಟ್ಟಿಯನ್ನು ತರಿಸಿಕೊಳ್ಳಬಹುದು.

ಯಾರು ನೋಡಬಹುದು

ಕ್ಲಿನಿಕ್ಕಿನ ಕೌಂಟರಿನಲ್ಲಿ ನಾವು ಕಾರ್ಡು ತೂರಿಸಿದೊಡನೆ ಆ ಕ್ಲಿನಿಕ್ಕಿಗೆ 90 ದಿನಗಳ ಕಾಲ ನಮ್ಮ ಕಡತ ತೆರೆದುಕೊಳ್ಳುತ್ತದೆ. ಪಿನ್ ನಂಬರು ಕೇಳುವುದಿಲ್ಲ. ಔಷಧಾಲಯಕ್ಕಾದರೆ ಮೂರು ದಿನ. ಈ ಅವಧಿಯನ್ನು ಆಪ್‌ನಲ್ಲಿ ಕಡಿಮೆ ಮಾಡಬಹುದು, ಹೆಚ್ಚಿಸಬಹುದು, ಒಂದು ಕ್ಲಿನಿಕ್ಕನ್ನು ಪೂರ್ತಿಯಾಗಿ ತಡೆಯಲೂಬಹುದು. ಯಾವ ದಿನ ಯಾರು ಒಳಗೆ ಬಂದರು ಎಂಬುದೂ ಅಲ್ಲಿ ದಾಖಲಾಗುತ್ತದೆ.

ಆದರೆ ಒಂದು ಕೊರತೆ ಇದೆ. 2025ರಲ್ಲಿ ಬಂದ ರೂಪದಲ್ಲಿ ಒಂದು ಕಾಗದವನ್ನು ಮರೆಮಾಡಿದರೆ ಅದು ಎಲ್ಲ ವೈದ್ಯರಿಗೂ ಮರೆಯಾಗುತ್ತದೆ. ಮನೋವೈದ್ಯರ ಪತ್ರ ಕುಟುಂಬ ವೈದ್ಯರಿಗೆ ಕಾಣಲಿ, ಹಲ್ಲಿನ ಡಾಕ್ಟರಿಗೆ ಬೇಡ ಎನ್ನಲು ಬರುವುದಿಲ್ಲ. 2021ರ ಹಳೆಯ ಇ-ಪಿ-ಎಯಲ್ಲಿ ಇಷ್ಟು ಸೂಕ್ಷ್ಮವಾದ ಆಯ್ಕೆ ಇರಬೇಕೆಂದು ಕಾನೂನೇ ಹೇಳಿತ್ತು, ಹೊಸ ತಂತ್ರಾಂಶದಲ್ಲಿ ಅದನ್ನು ಬಿಟ್ಟರು. ಹೊಸ ಆವೃತ್ತಿ ಬಂದಾಗ ಇದ್ದ ಸೌಲಭ್ಯ ಹೋಗುವುದು ನಮ್ಮ ವೃತ್ತಿಯಲ್ಲಿ ಹೊಸದೇನಲ್ಲ. ಆದರೆ ಇದು ಆಟದ ಆಪ್ ಅಲ್ಲವಲ್ಲ. ಪತ್ರವನ್ನು ಮರೆಮಾಡಿದರೂ ಮಾತ್ರೆಗಳ ಪಟ್ಟಿಯಿಂದ ಕಾಯಿಲೆ ಯಾವುದೆಂದು ಊಹಿಸಬಹುದು ಎಂಬುದನ್ನೂ ನೆನಪಿಡಿ. ಪಟ್ಟಿಯನ್ನು ಮುಚ್ಚಬೇಕಾದರೆ ಅದನ್ನು ಪ್ರತ್ಯೇಕವಾಗಿ ಮುಚ್ಚಬೇಕು. ಮಾನಸಿಕ ಕಾಯಿಲೆ, ಲೈಂಗಿಕ ಸೋಂಕು, ಗರ್ಭಪಾತ ಮುಂತಾದ ವಿಷಯಗಳಲ್ಲಿ ಕಡತಕ್ಕೆ ಹಾಕಬೇಡಿ ಎನ್ನುವ ಹಕ್ಕು ನಮಗಿದೆಯೆಂದು ವೈದ್ಯರೇ ತಿಳಿಸಬೇಕು. ವಂಶವಾಹಿ ಪರೀಕ್ಷೆಯ ಫಲಿತಾಂಶವನ್ನಂತೂ ನಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ಮಾಹಿತಿಯನ್ನು ಹೆಸರು ತೆಗೆದು ಸಂಶೋಧನೆಗೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಅದು ಮಾತ್ರ ಬೇಡ, ಕಡತ ಇರಲಿ ಎಂದೂ ಹೇಳಬಹುದು.

ಕಳ್ಳರ ಭಯ

ಬೀಗ ಎಷ್ಟು ಗಟ್ಟಿ ಎಂದು ಸ್ನೇಹಿತರು ನನ್ನನ್ನು ಕೇಳುವುದುಂಟು. 2024ರ ಡಿಸೆಂಬರ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆದ ಕೆಯಾಸ್ ಕಂಪ್ಯೂಟರ್ ಕ್ಲಬ್ಬಿನ ಸಮಾವೇಶದಲ್ಲಿ ಬಿಯಾಂಕಾ ಕಾಸ್ಟ್ಲ್ ಮತ್ತು ಮಾರ್ಟಿನ್ ಚಿರ್ಸಿಷ್ ಎಂಬ ಇಬ್ಬರು ತಜ್ಞರು, ರೋಗಿಯ ಕಾರ್ಡು ಕೈಯಲ್ಲಿ ಇಲ್ಲದೆಯೇ ಕಡತಗಳನ್ನು ತೆರೆಯುವ ದಾರಿಯನ್ನು ತೋರಿಸಿಬಿಟ್ಟರು. ಸರಳವಾಗಿ ಹೇಳುವುದಾದರೆ, ಒಂದು ಕ್ಲಿನಿಕ್ಕಿನ ಗುರುತಿನ ಕಾರ್ಡು ಸಿಕ್ಕಿದರೆ ಸಾಕು, ರೋಗಿಗಳ ಕಾರ್ಡುಗಳ ಸಂಖ್ಯೆ ಒಂದರ ನಂತರ ಒಂದು ಬರುವುದರಿಂದ ಅವನ್ನು ಎಣಿಸುತ್ತಾ ಹೋಗಬಹುದಿತ್ತು. ಕಾರ್ಡು ನಿಜವಾಗಿಯೂ ಎದುರಿಗಿದೆಯೇ ಎಂದು ವ್ಯವಸ್ಥೆ ಗಟ್ಟಿಯಾಗಿ ಪರೀಕ್ಷಿಸುತ್ತಿರಲಿಲ್ಲ. ಇದನ್ನೆಲ್ಲ ನೋಡಿಕೊಳ್ಳುವ ಬರ್ಲಿನ್ನಿನ ಗೆಮಾಟಿಕ್ ಸಂಸ್ಥೆ, ಸಂಖ್ಯೆಯ ಜೊತೆಗೆ ಕಾರ್ಡಿನ ಇನ್ನೂ ಕೆಲವು ವಿವರ ಹೊಂದಿಕೆಯಾಗಬೇಕೆಂದು ತಡೆ ಹಾಕಿತು. 2025ರ ಏಪ್ರಿಲ್ 29ರಂದು ದೇಶಕ್ಕೆಲ್ಲ ಬಾಗಿಲು ತೆರೆದ ಮರುದಿನವೇ ಆ ವಿವರಗಳನ್ನೂ ಪಡೆಯುವ ಅಡ್ಡದಾರಿ ಬಯಲಾಯಿತು. ಕಾರ್ಡು ಮನೆಯಲ್ಲಿ ಬಿಟ್ಟು ಬಂದವರಿಗೆ ಕಾಸ್ಸೆಯಿಂದ ತಕ್ಷಣ ಬದಲಿ ಪತ್ರ ತರಿಸುವ ಸೌಲಭ್ಯವೇ ಆ ದಾರಿ. ಗೆಮಾಟಿಕ್ ಅದನ್ನು ಕೂಡಲೇ ನಿಲ್ಲಿಸಿತು.

ಇನ್ನೊಂದು ವ್ಯತ್ಯಾಸವನ್ನೂ ಹೇಳಬೇಕು. ಹಳೆಯ ಇ-ಪಿ-ಎಯಲ್ಲಿ ಬ್ಯಾಂಕ್ ಲಾಕರಿನ ಹಾಗೆ ನಮ್ಮ ಕಡೆಯ ಕೀಲಿಯೂ ಸೇರಿದರೆ ಮಾತ್ರ ಪೆಟ್ಟಿಗೆ ತೆರೆಯುತ್ತಿತ್ತು. ಹೊಸದರಲ್ಲಿ ಕೀಲಿಗಳು ಕೇಂದ್ರದ ಕಂಪ್ಯೂಟರುಗಳೊಳಗೆ, ನಡೆಸುವವರೂ ಇಣುಕದಂತೆ ಮೊಹರು ಮಾಡಿದ ಕೋಣೆಯಂಥ ಜಾಗದಲ್ಲಿರುತ್ತವೆ. ಬಳಸಲು ಸುಲಭವಾಯಿತು. ನಂಬಿಕೆ ಮಾತ್ರ ಆ ಕೋಣೆಯ ಮೇಲೆ ಬಿತ್ತು. ಒಂದೇ ಕಡೆ ಇಷ್ಟು ಕೋಟಿ ಜನರ ಗುಟ್ಟು ಇಟ್ಟರೆ ಅದಕ್ಕೆ ಕಣ್ಣು ಹಾಕುವವರೂ ದೊಡ್ಡವರೇ ಇರುತ್ತಾರೆ. ಇಷ್ಟು ತಿಳಿದೂ ನಮ್ಮ ಮನೆಯಲ್ಲಿ ಕಡತವನ್ನು ಉಳಿಸಿಕೊಂಡಿದ್ದೇವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಲರ್ಜಿ ಇರುವವರಿಗೆ ತುರ್ತಿನಲ್ಲಿ ಆಗುವ ಉಪಯೋಗ ದೊಡ್ಡದೆಂದು ನನಗನಿಸುತ್ತದೆ. ಇಪ್ಪತ್ತೈದರ ಆರೋಗ್ಯವಂತ ಹುಡುಗನೊಬ್ಬ ಬೇಡವೆಂದರೆ ನಾನು ವಾದ ಮಾಡಲಾರೆ. ನೂರಕ್ಕೆ ಸುಮಾರು ಐದು ಮಂದಿ ಹಾಗೆ ಬೇಡವೆಂದಿದ್ದಾರೆ. ಈಗಲೂ ಯಾವಾಗ ಬೇಕಾದರೂ ಕಡತವನ್ನು ಅಳಿಸಬಹುದು, ಮನಸ್ಸು ಬದಲಾದರೆ ಮತ್ತೆ ತೆರೆಸಬಹುದು. ಅಳಿಸಿದ್ದು ಮಾತ್ರ ವಾಪಸ್ ಬರುವುದಿಲ್ಲ.

ಊರಿನ ಫೈಲು

ನಮ್ಮವರ ವಿಶೇಷ ಸಮಸ್ಯೆ ಇದು. ನಮ್ಮ ಅರ್ಧ ಆಯುಸ್ಸಿನ ಕಾಯಿಲೆಗಳು ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಆಸ್ಪತ್ರೆಗಳ ಪ್ಲಾಸ್ಟಿಕ್ ಕವರುಗಳಲ್ಲಿವೆ. ಅವು ಜರ್ಮನಿಯ ಕಡತಕ್ಕೆ ತಾವಾಗಿ ನಡೆದು ಬರುವುದಿಲ್ಲ. ಭಾರತದಲ್ಲಿ 2021ರಿಂದ ದೇಶಾದ್ಯಂತ ಬಂದಿರುವ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆಗೂ ಇದಕ್ಕೂ ಸಂಪರ್ಕವಿಲ್ಲ. ಪೆನಿಸಿಲಿನ್ ಮೈಗೆ ಆಗುವುದಿಲ್ಲ ಎಂದು ಊರಿನ ಡಾಕ್ಟರು ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದರೂ, ಇಲ್ಲಿನ ತುರ್ತು ವಿಭಾಗದವರಿಗೆ ಅದು ತಿಳಿಯುವ ದಾರಿ ನಾವೇ.

ಇದಕ್ಕೆ ಕಾನೂನಿನಲ್ಲೇ ಒಂದು ಸೌಲಭ್ಯವಿದೆ, ಬಹಳ ಮಂದಿಗೆ ಗೊತ್ತಿಲ್ಲ. 24 ತಿಂಗಳಲ್ಲಿ ಎರಡು ಸಲ, ಒಂದೊಂದು ಸಲಕ್ಕೆ ಹತ್ತು ಕಾಗದಗಳವರೆಗೆ ಕಳಿಸಿದರೆ ಕಾಸ್ಸೆಯವರೇ ಸ್ಕ್ಯಾನ್ ಮಾಡಿ ಕಡತಕ್ಕೆ ಸೇರಿಸಬೇಕು. ನಾವೇ ಆಪ್‌ನಿಂದ ಸೇರಿಸುವುದಾದರೆ ಒಂದು ಕಾಗದ 25 ಮೆಗಾಬೈಟ್ ಮೀರಬಾರದು. ಎಂಬತ್ತು ಪುಟದ ಫೈಲನ್ನು ಹಾಗೇ ತುರುಕಬೇಡಿ, ಹತ್ತು ನಿಮಿಷದ ಭೇಟಿಯಲ್ಲಿ ಯಾವ ವೈದ್ಯರೂ ಅದನ್ನು ಓದಲಾರರು. ಶಸ್ತ್ರಚಿಕಿತ್ಸೆಯ ಡಿಸ್‌ಚಾರ್ಜ್ ಪತ್ರ, ಬಯಾಪ್ಸಿ, ಅಲರ್ಜಿ, ದೀರ್ಘ ಕಾಯಿಲೆಯ ಇತ್ತೀಚಿನ ವರದಿ ಮತ್ತು ಲಸಿಕೆಗಳ ಪಟ್ಟಿ ಸಾಕು. ಲಸಿಕೆಯಲ್ಲಿ ಬಿ.ಸಿ.ಜಿ.ಯನ್ನು ಮರೆಯಬೇಡಿ. ಊರಿನಲ್ಲಿ ಹುಟ್ಟಿದ ಕೂಸಿಗೆ ತೋಳಿಗೆ ಹಾಕುವ ಆ ಸೂಜಿಯನ್ನು ಜರ್ಮನಿ 1998ರಿಂದ ಶಿಫಾರಸು ಮಾಡುತ್ತಿಲ್ಲ. ಹಾಕಿಸಿಕೊಂಡವರಿಗೆ ಕ್ಷಯದ ಚರ್ಮ ಪರೀಕ್ಷೆ ಮಾಡಿದರೆ ಊದಿಕೊಳ್ಳಬಹುದು, ತಿಳಿಯದ ವೈದ್ಯರು ಗಾಬರಿಯಾಗಬಹುದು. ಲೈಪ್‌ಜಿಗ್, ಡ್ರೆಸ್ಡೆನ್ ಕಡೆ ಇರುವವರಿಗೆ ಇನ್ನೊಂದು ಮಾತು. ಪೂರ್ವ ಜರ್ಮನಿಯಲ್ಲಿ ಸಕ್ಕರೆಯನ್ನು ಮಿಲಿಮೋಲ್‌ನಲ್ಲಿ ಬರೆಯುವ ರೂಢಿ. ಅಲ್ಲಿನ 7 ಎಂದರೆ ನಮ್ಮ ಊರಿನ 126. ಹದಿನೆಂಟರಿಂದ ಗುಣಿಸಿಕೊಳ್ಳಿ.

ಔಷಧಗಳ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಚೀಟಿಯ ಮೇಲೆ ಬಂದದ್ದು ಮಾತ್ರ ತಾನಾಗಿ ಸೇರುತ್ತದೆ ಎಂಬುದನ್ನೂ ಗಮನಿಸಿ. ಸೂಟ್‌ಕೇಸಿನಲ್ಲಿ ಬಂದ ಡೋಲೋ 650, ಅಜ್ಜಿ ಕೊಟ್ಟ ಚೂರ್ಣ, ಕಷಾಯದ ಪುಡಿ ಯಾವುದೂ ಅಲ್ಲಿರುವುದಿಲ್ಲ. ಡೋಲೋದಲ್ಲಿ ಇರುವುದು ಪ್ಯಾರಾಸಿಟಮಾಲ್. ಇಲ್ಲಿ ಅದರ 500 ಮಿಲಿಗ್ರಾಂ ಮಾತ್ರೆ ಇಪ್ಪತ್ತಕ್ಕಿಂತ ಹೆಚ್ಚು ಇರುವ ಡಬ್ಬಿಗೆ 2009ರಿಂದ ವೈದ್ಯರ ಚೀಟಿ ಬೇಕು, ಅತಿಯಾದರೆ ಯಕೃತ್ತಿಗೆ ಅಪಾಯವೆಂದು. ಜ್ವರಕ್ಕೆ ಡೋಲೋ ನುಂಗಿ, ಮೇಲೆ ಔಷಧಾಲಯದ ನೆಗಡಿ ಪುಡಿಯನ್ನೂ ಕುಡಿದರೆ ಒಂದೇ ಔಷಧ ಎರಡು ಪಾಲು ಒಳಗೆ ಹೋಗಬಹುದು. ಇದನ್ನು ಯಾವ ಕಂಪ್ಯೂಟರೂ ಹಿಡಿಯುವುದಿಲ್ಲ. ವೈದ್ಯರು ಕೇಳಿದಾಗ ಸಂಕೋಚ ಬಿಟ್ಟು ಚೂರ್ಣದ ಹೆಸರನ್ನೂ ಹೇಳಿ.

ಮಕ್ಕಳು ಮತ್ತು ಅಪ್ಪ-ಅಮ್ಮ

ಮಗುವಿನ ಕಡತದ ಬಗ್ಗೆ ತೀರ್ಮಾನ ಹದಿನೈದು ತುಂಬುವವರೆಗೆ ತಂದೆ-ತಾಯಿಯರದು. ಆಮೇಲೆ ಮಕ್ಕಳದ್ದೇ. ಹದಿನಾರರ ಮಗಳು ವೈದ್ಯರ ಬಳಿ ಏನು ಮಾತನಾಡಿದಳು ಎಂದು ನೋಡುವ ಹಕ್ಕು ನಮಗೆ ಉಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಇದಕ್ಕೆ ಸ್ವಲ್ಪ ಹೊಂದಿಕೊಳ್ಳಬೇಕಾಗುತ್ತದೆ. ದೊಡ್ಡವರಲ್ಲಿ ಒಬ್ಬರ ಕಡತವನ್ನು ನೋಡಿಕೊಳ್ಳಲು ಐದು ಮಂದಿಯವರೆಗೆ ಪ್ರತಿನಿಧಿಗಳನ್ನು ನೇಮಿಸಬಹುದು. ಗಂಡ ಹೆಂಡತಿ ಪರಸ್ಪರ ಮಾಡಿಟ್ಟರೆ ಆಸ್ಪತ್ರೆ ಸೇರಿದ ದಿನ ಅನುಕೂಲ. ಪ್ರವಾಸದ ವೀಸಾದಲ್ಲಿ ಬರುವ ಅಪ್ಪ-ಅಮ್ಮಂದಿರಿಗೆ ಪ್ರವಾಸಿ ವಿಮೆ ಮಾತ್ರ ಇರುವುದರಿಂದ ಇ-ಪಿ-ಎ ಇರುವುದಿಲ್ಲ. ಅವರ ಕಾಯಿಲೆ, ಮಾತ್ರೆಯ ರಾಸಾಯನಿಕ ಹೆಸರು, ಪ್ರಮಾಣ ಇವನ್ನು ಒಂದು ಹಾಳೆಯಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಡಿಸಿ. ಬ್ರ್ಯಾಂಡಿನ ಹೆಸರು ಇಲ್ಲಿ ಯಾರಿಗೂ ತಿಳಿಯದು.

ಆಪ್ ತೆರೆಯುವ ಕ್ರಮ

ನಿಮ್ಮ ಕಾಸ್ಸೆಯದೇ ಇ-ಪಿ-ಎ ಆಪ್ ಇರುತ್ತದೆ. ಗುರುತು ದೃಢಪಡಿಸುವಲ್ಲಿ ನಮ್ಮವರು ಸುಸ್ತಾಗಿ ಬಿಟ್ಟುಬಿಡುತ್ತಾರೆ. ಜರ್ಮನ್ ಗುರುತಿನ ಚೀಟಿ ಇಲ್ಲದಿದ್ದರೂ ನಮ್ಮ ವಾಸದ ಪರವಾನಗಿಯ ಕಾರ್ಡಿನಲ್ಲಿ ಆನ್‌ಲೈನ್ ಗುರುತಿನ ಚಿಪ್ ಇದೆ. 2011ರ ಸೆಪ್ಟೆಂಬರಿನಿಂದ ಕೊಡುತ್ತಿರುವ ಕಾರ್ಡುಗಳಲ್ಲಿ ಅದು ಬಂದಿದೆ. ಕಾರ್ಡಿನ ಜೊತೆ ಬಂದ ಪತ್ರದ ಐದು ಅಂಕಿಯ ಸಂಖ್ಯೆ ಹಾಕಿ ಆರು ಅಂಕಿಯ ನಿಮ್ಮದೇ ಪಿನ್ ಮಾಡಿಕೊಂಡು, ಕಾರ್ಡನ್ನು ಫೋನಿನ ಹಿಂಬದಿಗೆ ಹಿಡಿದರೆ ಆಯಿತು. ಆ ಪತ್ರ ಕಳೆದಿದ್ದರೆ ಆಸ್‌ಲೆಂಡರ್‌ಬೆಹೋರ್ಡೆಯಲ್ಲಿ ಹೊಸ ಪಿನ್ ಹಾಕಿಸಬೇಕು. ಅಲ್ಲಿ ಟೆರ್ಮಿನ್ ಹಿಡಿಯುವ ಕಷ್ಟ ನಿಮಗೆ ಗೊತ್ತೇ ಇದೆ. ಅದಾಗದಿದ್ದರೆ ಆರೋಗ್ಯ ಕಾರ್ಡಿಗೇ ಪಿನ್ ಕೊಡಿ ಎಂದು ಕಾಸ್ಸೆಯನ್ನು ಕೇಳಬಹುದು. ಸ್ಮಾರ್ಟ್‌ಫೋನೇ ಇಲ್ಲದವರಿಗೆ ಪ್ರತಿ ಕಾಸ್ಸೆಯಲ್ಲೂ ಒಂಬುಡ್ಸ್ ವಿಭಾಗವಿದೆ. ಯಾವ ವೈದ್ಯರನ್ನು ತಡೆಯಬೇಕು, ಯಾವುದಕ್ಕೆ ಆಕ್ಷೇಪಣೆ ಎಂದು ಅವರಿಗೆ ಬರೆದು ತಿಳಿಸಬಹುದು.

ಖಾಸಗಿ ವಿಮೆಯಲ್ಲಿರುವ ಬ್ಲೂ ಕಾರ್ಡಿನ ಗೆಳೆಯರಿಗೆ ಈ ನಿಯಮಗಳು ಹೀಗೇ ಅನ್ವಯಿಸುವುದಿಲ್ಲ. ಅಲ್ಲಿ ಇ-ಪಿ-ಎ ಕೊಡುವುದು ಬಿಡುವುದು ಆಯಾ ಕಂಪನಿಗೆ ಬಿಟ್ಟದ್ದು, ವಿಚಾರಿಸಿ ನೋಡಿ. ಇನ್ನು ಗಡಿ ದಾಟುವ ಮಾತು: 2025ರ ಮಾರ್ಚ್ 26ರಂದು ಜಾರಿಗೆ ಬಂದ ಯುರೋಪಿನ ಆರೋಗ್ಯ ಮಾಹಿತಿ ನಿಯಮದ ಪ್ರಕಾರ, 2029ರ ಮಾರ್ಚ್‌ನಿಂದ ರೋಗಿಯ ಸಾರಾಂಶ ಮತ್ತು ಔಷಧ ಚೀಟಿ ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ಓಡಾಡಬೇಕು. ಆಗ ನೆದರ್‌ಲ್ಯಾಂಡ್ಸಿನಲ್ಲಿ ಕೆಲಸ ಹಿಡಿದು ಹೋಗುವವರ ಕಡತ ಅವರ ಹಿಂದೆ ಬರಬಹುದು. ಊರಿಗೆ ಮರಳುವವರು ಮಾತ್ರ ವಿಮಾನ ಹತ್ತುವ ಮೊದಲು ಆಪ್‌ನಿಂದ ಎಲ್ಲವನ್ನೂ ಇಳಿಸಿಕೊಂಡು ಒಂದು ಪೆನ್ ಡ್ರೈವಿನಲ್ಲಿ ಹಾಕಿಕೊಳ್ಳಬೇಕು.